ನಾಲ್ಕಿಂಚಿನ ಲೆನ್ಸಿನಲ್ಲಿ ಬಿದ್ದ ಬಯಲು

ಮೊನ್ನೆ ನಮ್ಮ ನೆಂಟರೊಬ್ಬರು ಹೊಸ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದರು. ಬ್ಯಾಂಕಿನ ಕೆಲಸ, ಭಾನುವಾರವಾದರೆ ಬೆಟ್ಟಗುಡ್ಡ ಸುತ್ತುವ ಹುಚ್ಚು. ಕಾಫಿ ಕುಡಿಯುತ್ತಾ, "ಬಯಲು, ಬೆಟ್ಟ ತೆಗೆಯೋದಕ್ಕೆ ಎಷ್ಟು ಎಂಎಂ ಲೆನ್ಸು ತಗೊಳ್ಳಲಿ? ಇಪ್ಪತ್ತೆಂಟು ಸಾಕೋ, ಇಪ್ಪತ್ತನಾಲ್ಕೇ ಬೇಕೋ? ಅಗಲ ಇದ್ದಷ್ಟೂ ಒಳ್ಳೇದಲ್ವಾ?" ಎಂದು ಕೇಳಿದರು. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ "ಅಗಲ ಇದ್ದಷ್ಟೂ ಒಳ್ಳೇದು" ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಾನು ಲೋಟ ಕುಕ್ಕಿದ ಸದ್ದಿಗೆ ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು. ಪಾಪ, ನೆಂಟರು ಬೆಪ್ಪಾಗಿ ಕೂತರು. ಅವರಿಗೆ ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯುದ್ಧದ ವರ್ಷಗಳಲ್ಲಿ ನಾನು ಮಂಡ್ಯದಲ್ಲಿ, ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಒಂದು ಸ್ಟುಡಿಯೊ ಇಟ್ಟುಕೊಂಡಿದ್ದೆ. ಸ್ಟುಡಿಯೊ ಅಂದರೆ ಹೆಂಚಿನ ಮಾಡಿನ ಒಂದು ಉದ್ದನೆಯ ಕೋಣೆ, ಬೆಳಕಿಗಾಗಿ ಮಾಡಿಗೆ ಕೂರಿಸಿದ ನಾಲ್ಕು ಗಾಜಿನ ಹೆಂಚು, ಹಿಂದುಗಡೆ ಸರೋವರದ ಚಿತ್ರ ಬರೆದ ಪರದೆ. ತೇಗದ ಮರದ ದೊಡ್ಡ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ತಲೆಗೆ ಹೊದೆಯುವ ಕರಿಬಟ್ಟೆ. ಫಿಲ್ಮಲ್ಲ, ಗಾಜಿನ ಪ್ಲೇಟು. ಒಂದು ಪ್ಲೇಟಿಗೆ ಒಂದೇ ಚಿತ್ರ. ಯುದ್ಧ ಶುರುವಾದ ಮೇಲೆ ಪ್ಲೇಟು ಹಡಗಿನಲ್ಲಿ ಬರುವುದೇ ಕಷ್ಟವಾಗಿ, ಒಂದೊಂದನ್ನೂ ಅಳೆದು ಸುರಿದು ಬಳಸಬೇಕಾಗಿತ್ತು.

ನನ್ನ ಹತ್ತಿರ ಮೊದಲಿಗೆ ಇದ್ದದ್ದು ಎಂಟಿಂಚಿನ ಒಂದು ಲೆನ್ಸು. ಆಮೇಲೆ ಬೆಂಗಳೂರಿನ ದಂಡಿನಲ್ಲಿ, ಇಂಗ್ಲೆಂಡಿಗೆ ವಾಪಸು ಹೊರಟಿದ್ದ ಒಬ್ಬ ಬಿಳಿ ದೊರೆಯ ಸಾಮಾನಿನಲ್ಲಿ, ನಾಲ್ಕಿಂಚಿನ ಇನ್ನೊಂದು ಸಿಕ್ಕಿತು. ಇಲ್ಲಿ ಇಂಚು ಅಂದರೆ ಲೆನ್ಸಿನ ಅಗಲವಲ್ಲ. ದೂರದ ವಸ್ತು ಸ್ಪಷ್ಟವಾಗಿ ಮೂಡಬೇಕಾದರೆ ಲೆನ್ಸಿಗೂ ಪ್ಲೇಟಿಗೂ ನಡುವೆ ಇರಬೇಕಾದ ದೂರ. ಆ ದೂರ ಕಡಿಮೆಯಾದಷ್ಟೂ ಚಿತ್ರದೊಳಕ್ಕೆ ಹೆಚ್ಚು ಜಾಗ ಬರುತ್ತದೆ, ಬಂದದ್ದೆಲ್ಲ ಚಿಕ್ಕದಾಗುತ್ತದೆ. ಇದನ್ನು ನಮ್ಮ ಗಿರಾಕಿಗಳಿಗೆ ತಿಳಿಸಿ ಹೇಳುವುದರಲ್ಲಿ ನನ್ನ ಅರ್ಧ ಆಯಸ್ಸು ಹೋಯಿತು. ಮದುವೆ ಗುಂಪಿನ ಫೋಟೋಕ್ಕೆ ಕೆರಗೋಡಿನಿಂದ ಬಂದ ಗೌಡರೊಬ್ಬರು, "ನಾಕಿಂಚು ಆಕ್ಬ್ಯಾಡ ಕಣ್ಲಾ, ಬೀಗರ ಕಡೆಯೋರು ಅರ್ಧ ಜನ ಆಚೆ ಉಳ್ಕತರೆ. ಎಂಟಿಂಚಿಂದೇ ಆಕು" ಎಂದು ಪಟ್ಟು ಹಿಡಿದರು. ಕೊನೆಗೆ ಬೀಗರ ಕಡೆಯ ಅರ್ಧ ಜನ ಆಚೆಯೇ ಉಳಿದರು. ಜಗಳ ಮಾತ್ರ ನನ್ನ ಮೇಲೆ ಬಂತು.

ಆ ನಾಲ್ಕಿಂಚು ಬಂದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಲ್ಲಿಯವರೆಗೆ ಮುಖ ತೆಗೆದು ತೆಗೆದು ಬೇಸತ್ತಿದ್ದವನಿಗೆ ಇದ್ದಕ್ಕಿದ್ದಂತೆ ಆಕಾಶ ಸಿಕ್ಕಿತು. ಯಲಿಯೂರಿನ ಬಳಿ ರೈಲ್ವೆ ಹಳಿಯ ಪಕ್ಕ ನಿಂತು ಗದ್ದೆ ಬಯಲು ತೆಗೆದೆ. ಮದ್ದೂರಿನಲ್ಲಿ ಹೊಳೆಗೆ ಇಳಿದು, ಕಾಲಬುಡದ ಕಲ್ಲಿನಿಂದ ಹಿಡಿದು ಆಚೆ ದಡದ ತೆಂಗಿನವರೆಗೆ ಒಂದೇ ಪ್ಲೇಟಿನಲ್ಲಿ ಹಿಡಿದೆ. ಎದುರಿಗೆ ಒಂದು ಬಂಡೆಯೋ ಬೇರೋ ಇಟ್ಟುಕೊಂಡರೆ ಅದು ದೊಡ್ಡದಾಗಿ ಎದ್ದು ಕೂರುತ್ತಿತ್ತು, ಹಿಂದಿನದೆಲ್ಲ ದೂರ ದೂರ ಸರಿಯುತ್ತಿತ್ತು. ನೋಡಿದವರು, "ಏನು ವಿಶಾಲ ಸ್ವಾಮಿ!" ಎನ್ನುತ್ತಿದ್ದರು. ನಾನು ಆ ಮಾತಿಗೆ ಉಬ್ಬಿಹೋಗುತ್ತಿದ್ದೆ. ಇಲ್ಲದ ವಿಶಾಲವನ್ನು ನಾನೇ ಹುಟ್ಟಿಸುತ್ತಿದ್ದೇನೆ ಅನ್ನುವುದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಅದನ್ನೇ ಹೆಚ್ಚುಗಾರಿಕೆ ಅಂದುಕೊಳ್ಳುತ್ತಿದ್ದೆ.

ಆಗ ಒಬ್ಬ ಸಾಹುಕಾರರು ಸ್ಟುಡಿಯೊಕ್ಕೆ ಬಂದರು. ಜರಿ ಅಂಚಿನ ಪಂಚೆ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಕಿಟಕಿಯಲ್ಲಿದ್ದ ಹೊಳೆಯ ಚಿತ್ರವನ್ನು ಬಹಳ ಹೊತ್ತು ನೋಡಿದರು. ಮಳವಳ್ಳಿ ಕಡೆ ಒಂದು ಹಳ್ಳಿಯ ಹೊರಗೆ ಬೀಳು ಜಮೀನು ಇದೆ, ಅದನ್ನು ಇದೇ ರೀತಿ ತೆಗೆದುಕೊಡಬೇಕು ಎಂದರು.

"ಅಷ್ಟೂ ಬೀಳು ಬೀಳ್ಬೇಕು ಕಣಪ್ಪ. ಒಂದು ಮೂಲೆನೂ ಬುಡಂಗಿಲ್ಲ" ಎಂದರು.

ನಾನು ನಕ್ಕೆ. ಮಾತಿನ ಚಮತ್ಕಾರ ಅಂದುಕೊಂಡೆ. "ಎಲ್ಲಾ ಬೀಳೋ ಹಾಗೆ ತೆಗೀತೀನಿ ಸಾಹುಕಾರರೇ, ಅದಕ್ಕೇ ಅಂತ ಲೆನ್ಸು ತಂದಿದೀನಿ" ಎಂದೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಪೆಟ್ರೋಲು ಸಿಗದ ಕಾಲ. ಬಸ್ಸುಗಳು ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು, ದಿಣ್ಣೆ ಬಂದರೆ ನಾವೇ ಇಳಿದು ತಳ್ಳಬೇಕಿತ್ತು. ಹಾಗೆ ತಳ್ಳಿಕೊಂಡು ಮಳವಳ್ಳಿ ರಸ್ತೆಯಲ್ಲಿ ಇಳಿದು, ಸಾಹುಕಾರರ ಗಾಡಿಯಲ್ಲಿ ಆ ಜಾಗಕ್ಕೆ ಹೋದೆ. ಹೋಗಿ ನೋಡಿದರೆ ಬೀಳಲ್ಲ, ಹಸುರು ಹುಲ್ಲಿನ ಬಯಲು. ನಡುವೆ ಆಳೆತ್ತರದ ಒಂದು ಕರಿಬಂಡೆ. ಆಚೆ, ಒಂದು ಫರ್ಲಾಂಗಿನಷ್ಟು ದೂರದಲ್ಲಿ, ಹಳ್ಳಿಯ ಮೊದಲ ಮನೆಗಳು. ಬಯಲಿನ ತುಂಬ ಎಮ್ಮೆ, ದನ, ಒಂದಿಷ್ಟು ಕುರಿ. ಬಂಡೆಯ ನೆರಳಿನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಎಲೆಅಡಿಕೆ ಮೆಲ್ಲುತ್ತ ಕೂತಿದ್ದಳು. ಐದು ಎಮ್ಮೆ ಆಯಮ್ಮನವು.

ನಾನು ಕ್ಯಾಮೆರಾ ಹೂಡಿದೆ. ಬಂಡೆಯನ್ನು ಎದುರಿಗೆ ಇಟ್ಟುಕೊಂಡು ನಾಲ್ಕಿಂಚು ಹಾಕಿದರೆ, ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ ಮೂಡಿದ ಬಯಲು ನೋಡಿ ನನಗೇ ಉಸಿರು ಕಟ್ಟಿತು. ಒಂದೇ ತೊಂದರೆ. ಆ ಲೆನ್ಸಿನಲ್ಲಿ ಅಂಚಿನಿಂದ ಅಂಚಿಗೆ ಚೂಪಾಗಿ ಬರಬೇಕಾದರೆ ಬೆಳಕು ಒಳಬಿಡುವ ಅದರ ಕಂಡಿಯನ್ನು ಬಹಳ ಸಣ್ಣದು ಮಾಡಬೇಕು. ಕಂಡಿ ಸಣ್ಣದಾದರೆ ಬೆಳಕು ಸಾಲದು, ಮುಚ್ಚಳ ತೆಗೆದು ಒಂದು, ಎರಡು, ಮೂರು ಎಂದು ಎಣಿಸುವವರೆಗೆ ಕಾಯಬೇಕು. ಅಷ್ಟರಲ್ಲಿ ದನ ಕತ್ತು ಆಡಿಸುತ್ತದೆ, ಬಾಲ ಬೀಸುತ್ತದೆ, ಚಿತ್ರದಲ್ಲಿ ಒರೆಸಿದಂತೆ ಮಸುಕಾಗುತ್ತದೆ. ನನ್ನ ಚಿತ್ರದಲ್ಲಿ ಮಸುಕೇ? ಛೇ!

"ಅವ್ವಾ, ಈ ದನಗಳನ್ನ ಸ್ವಲ್ಪ ಆ ಕಡೆ ಹೊಡೆಸ್ತೀಯಾ? ಫೋಟೋ ಕೆಡುತ್ತೆ" ಎಂದೆ.

"ಅದ್ಕೇನಪ್ಪ" ಎಂದು ಆಯಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಚೆ ಕಡೆ ದನ ಕಾಯುತ್ತಿದ್ದವರನ್ನೆಲ್ಲ ಕೂಗಿದಳು. "ಒಡ್ಕೊಂಡೋಗ್ರಲೇ ಅತ್ಲಾಗೆ! ಪಟ ತೆಗ್ಯಕ್ಕೆ ಮಂಡ್ಯದಿಂದ ಬಂದವ್ರೆ, ನಮ್ಮೂರು ಚಂದಾಗಿ ಬರ್ಲಿ!" ಅರ್ಧ ಗಂಟೆ ಓಡಾಡಿ ಒಂದೊಂದು ಎಮ್ಮೆಯನ್ನೂ ಹೆಸರು ಹಿಡಿದು ಬೈದು, ಹಳ್ಳದ ಆಚೆಗೆ ದಾಟಿಸಿ ಬಂದಳು. ಬೆವರು ಒರೆಸಿಕೊಳ್ಳುತ್ತ ನನ್ನ ಹಿಂದೆ ಬಂದು ನಿಂತಳು. ಸಾಹುಕಾರರು ಗಾಡಿಯಲ್ಲಿ ಕೂತೇ ಎಲ್ಲವನ್ನೂ ನೋಡುತ್ತಿದ್ದರು. ಇಳಿದು ಬರುವ ಅಗತ್ಯವೇನಿತ್ತು ಅವರಿಗೆ?

ನಾನು ಮುಚ್ಚಳ ತೆಗೆದು ಎಣಿಸಿ ಮುಚ್ಚಿದೆ.

"ನಮ್ಮೂರೂ ಬಿತ್ತೇನಪ್ಪ?" ಎಂದು ಕೇಳಿದಳು.

"ಎಲ್ಲಾ ಬಿತ್ತು ಕಣವ್ವ" ಎಂದೆ.

ಚಿತ್ರ ಬಹಳ ಚೆನ್ನಾಗಿ ಬಂತು. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ, ಯಾಕೆಂದರೆ ನಿಜ. ಎದುರಿಗೆ ಬಂಡೆ, ಅದರ ಹಿಂದೆ ಕಣ್ಣು ಹೋದಷ್ಟು ದೂರ ಖಾಲಿ ಬಯಲು, ಮೇಲೆ ಮೋಡ. ಊರು ಅಂಚಿನಲ್ಲಿ ಸಾಲಿರುವೆಯಷ್ಟು. ಸಾಹುಕಾರರು ಮೂರು ಪ್ರತಿ ಒಯ್ದರು. ಒಂದನ್ನು ನಾನೂ ಕಟ್ಟು ಹಾಕಿಸಿ ಸ್ಟುಡಿಯೊದ ಕಿಟಕಿಯಲ್ಲಿಟ್ಟೆ.

ಐದಾರು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಬಾಗಿಲಲ್ಲಿ ಆಯಮ್ಮ ನಿಂತಿದ್ದಳು, ಜೊತೆಗೆ ಅವಳ ಮೈದುನ. ನೇರವಾಗಿ ಕಿಟಕಿಯ ಚಿತ್ರದ ಮುಂದೆ ಹೋಗಿ ಬೆರಳಿಟ್ಟಳು.

"ಇದೇಯ ನೋಡು ಮೈದ. ಕಚೇರಿಲಿ ತೋರ್ಸಿದ್ದು ಇದೇಯ." ಆಮೇಲೆ ನನ್ನ ಕಡೆ ತಿರುಗಿದಳು. "ನಮ್ಮೂರ್ನ ಎಲ್ಲಿಗಪ್ಪ ತಳ್ಬುಟ್ಟಿದೀಯ?"

ವಿಷಯ ಇಷ್ಟು. ಆ ಬಯಲು ಸಾಹುಕಾರರದಲ್ಲ, ಊರಿನ ಗೋಮಾಳ. ಇಡೀ ಊರಿನ ದನಕ್ಕೆ ಇದ್ದ ಒಂದೇ ಮೇವು. ನಾಲೆಯ ನೀರು ಆ ಕಡೆಗೂ ಬರುತ್ತದೆ ಎಂಬ ಸುದ್ದಿ ಸಿಕ್ಕಿ, ಕಬ್ಬು ಹಾಕುವುದಕ್ಕೆ ಅದನ್ನು ತಮಗೆ ಮಂಜೂರು ಮಾಡಬೇಕೆಂದು ಸಾಹುಕಾರರು ಅರ್ಜಿ ಹಾಕಿದ್ದರು. ಊರಿಗೆ ದೂರವಾದ, ದನ ಮೇಯುವ ಕುರುಹೇ ಇಲ್ಲದ ಬೀಳು ಎಂದು ಬರೆದು, ಅದಕ್ಕೆ ಸಾಕ್ಷಿಯಾಗಿ ನನ್ನ ಚಿತ್ರ ಲಗತ್ತಿಸಿದ್ದರು.

"ನಾವು ಕೂಗಳತೆಲಿ ಅದೆ ಅಂತ ಬರ್ಸಿ ಕೊಟ್ಟೊ. ಈ ಪಟ ಮಡಗಿ, ನೋಡ್ರಿ ಎಷ್ಟು ದೂರ ಅಂದ್ರು. ದನ ಎಲ್ರಿ ಅಂದ್ರು" ಎಂದ ಮೈದುನ.

"ದನ ಒಡ್ಸು ಅಂದೋನು ನೀನೆಯ" ಎಂದಳು ಆಯಮ್ಮ. ದನಿ ಏರಿಸಲಿಲ್ಲ. "ಎಲ್ಲಾ ಬಿತ್ತು ಅಂದ್ಯಲ್ಲ. ನಿಜ ಕಣಪ್ಪ. ಎಲ್ಲಾನೂ ಬೀಳು ಮಾಡ್ಬುಟ್ಟೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಹುಕಾರರ ಮೇಲೆ ಬಂತು, ಕಚೇರಿಯವರ ಮೇಲೆ ಬಂತು, ಆಮೇಲೆ ನಿಧಾನವಾಗಿ ನನ್ನ ಮೇಲೂ ಬಂತು. ಮಾರನೆಯ ದಿನವೇ ಆ ಅರ್ಜಿ ನೋಡುತ್ತಿದ್ದ ಅಧಿಕಾರಿಯ ಮುಂದೆ ಹೋಗಿ ನಿಂತೆ. ಯಾವ ಕಚೇರಿ, ಯಾವ ಹುದ್ದೆ ಅನ್ನುವುದು ಬೇಡ. ಅಂಥವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ.

"ಕ್ಯಾಮೆರಾ ಸುಳ್ಳು ಹೇಳುತ್ತೇನ್ರೀ?" ಎಂದರು.

"ಕ್ಯಾಮೆರಾ ಹೇಳಲ್ಲ ಸ್ವಾಮಿ, ನಾನು ಹೇಳಿದೀನಿ" ಎಂದು, ನಾಲ್ಕಿಂಚಿನ ಲೆನ್ಸನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ವಿವರಿಸಿದೆ. ಇದೇ ಜಾಗವನ್ನು ಎಂಟಿಂಚಿನಲ್ಲಿ ತೆಗೆದಿದ್ದರೆ ಊರು ಇದರ ಎರಡರಷ್ಟು ದೊಡ್ಡದಾಗಿ ಬರುತ್ತಿತ್ತು ಎಂದೆ. ಅವರು ಲೆನ್ಸನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಮುಖ ಅರಳಿತು.

"ನೀವೇ ಒಪ್ಪಿಕೊಂಡ್ರಲ್ಲ! ಎಂಟಿಂಚು ಹಾಕಿದ್ರೆ ಜಮೀನು ಇನ್ನೂ ದೊಡ್ಡದಾಗಿ ಕಾಣ್ತಿತ್ತು. ಪಾಪ, ಸಾಹುಕಾರರು ನಾಲ್ಕಿಂಚಿನಲ್ಲೇ ತೆಗೆಸಿದಾರೆ. ಎಷ್ಟು ಪ್ರಾಮಾಣಿಕರು ನೋಡಿ."

ಇಷ್ಟು ಓದಿದವರು! ಕೆರಗೋಡಿನ ಗೌಡರ ತಪ್ಪನ್ನೇ ಇವರು ಕುರ್ಚಿಯ ಮೇಲೆ ಕೂತು ಮಾಡಿದರು. ಗೌಡರು ತಪ್ಪಿದ್ದಕ್ಕೆ ಬೀಗರು ಮುನಿಸಿಕೊಂಡರು, ಅಷ್ಟೇ. ಇವರು ತಪ್ಪಿದರೆ ಒಂದು ಊರಿನ ದನಕ್ಕೆ ಹುಲ್ಲಿಲ್ಲ. ಸರ್ವೆ ಸರಪಳಿ ಹಿಡಿದು ಅಳೆದರೆ ಹತ್ತು ನಿಮಿಷದಲ್ಲಿ ದೂರ ತಿಳಿಯುತ್ತಿತ್ತು. ಅದು ಯಾರಿಗೂ ಬೇಕಿರಲಿಲ್ಲ. ನಾನು ಬಾಗಿಲು ಬಿಟ್ಟು ಕದಲದೆ ಕಾಡಿದ ಮೇಲೆ, ಒಂದು ದಿನ ಖುದ್ದಾಗಿ ಬಂದು ಸ್ಥಳ ನೋಡುತ್ತೇನೆ ಎಂದರು.

ಅವರು ಬಂದ ದಿನ ನನ್ನ ಹತ್ತಿರ ಉಳಿದಿದ್ದದ್ದು ಒಂದೇ ಒಂದು ಪ್ಲೇಟು. ಮಂಡ್ಯ, ಮದ್ದೂರು ಎರಡೂ ಕಡೆ ಅಂಗಡಿಗಳಲ್ಲಿ ಕೇಳಿದ್ದೆ, ಎಲ್ಲೂ ಇರಲಿಲ್ಲ. ಆ ಒಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಹಿಂದೆ ನಿಂತ ಜಾಗದಲ್ಲೇ ಕ್ಯಾಮೆರಾ ಹೂಡಿದೆ. ಅಧಿಕಾರಿ ಟೋಪಿ ತೆಗೆದು ಕರಿಬಟ್ಟೆಯೊಳಗೆ ತಲೆ ತೂರಿಸಿದರು.

"ಏನ್ರೀ ಇದು, ಊರು ತಲೆಕೆಳಗಾಗಿದೆ!"

"ಗಾಜಿನ ಮೇಲೆ ಹಾಗೇ ಕಾಣೋದು ಸ್ವಾಮಿ" ಎಂದೆ. ಎರಡು ಲೆನ್ಸನ್ನೂ ಒಂದಾದ ಮೇಲೆ ಒಂದು ಹಾಕಿ ತೋರಿಸಿದೆ. ಅವರು ಬಟ್ಟೆಯಿಂದ ಹೊರಗೆ ಬಂದು ಬೆವರು ಒರೆಸಿಕೊಂಡರು. ತಲೆಕೆಳಗಾದ ಊರನ್ನು ಬಿಟ್ಟು ಬೇರೇನೂ ಅವರ ತಲೆಗೆ ಹೋಗಿರಲಿಲ್ಲ.

ಆಯಮ್ಮನಿಗೆ ತಾಳ್ಮೆ ಮುಗಿಯಿತು. ಎಮ್ಮೆಗಳ ನಡುವೆ ನಿಂತಿದ್ದವಳು ಬಾಯಿಗೆ ಕೈ ಅಡ್ಡ ಹಿಡಿದು ಊರ ಕಡೆ ತಿರುಗಿ ಸೊಸೆಯನ್ನು ಕೂಗಿದಳು. "ಮಗಾ! ಮುದ್ದೆಗೆ ಎಸ್ರು ಮಡಗ್ದ್ಯಾ?" ಮೊದಲ ಮನೆಯ ಜಗುಲಿಯ ಮೇಲೆ ಒಬ್ಬ ಹುಡುಗಿ ಎದ್ದು ನಿಂತು ಕೈ ಎತ್ತಿದಳು. "ಮಡ್ಗಿವ್ನಿ ಕಣತ್ತೇ! ಬಾ!" ಒಂದಕ್ಷರ ತಪ್ಪದೆ ನಮಗೆಲ್ಲ ಕೇಳಿಸಿತು.

"ಕೇಳ್ತಾ ಬುದ್ಧಿ?" ಎಂದಳು ಆಯಮ್ಮ. "ಇದೇಯ ಕೂಗಳತೆ ಅನ್ನದು."

"ಕೇಳಿಸ್ತಮ್ಮ, ಕೇಳಿಸ್ತು" ಎಂದರು ಅಧಿಕಾರಿ. ಆಮೇಲೆ ನನ್ನ ಕಡೆ ನೋಡಿ, "ಆದ್ರೆ ಕೂಗನ್ನ ಫೈಲಿಗೆ ಲಗತ್ತಿಸೋಕಾಗುತ್ತೇನ್ರೀ? ಫೈಲಲ್ಲಿ ಇರೋದು ಫೋಟೋ" ಎಂದು ನಕ್ಕರು.

ನನಗೆ ಸಿಟ್ಟು ನೆತ್ತಿಗೇರಿತು. ಲಗತ್ತಿಸಿ ತೋರಿಸುತ್ತೇನೆ ಎಂದುಕೊಂಡೆ. ಇನ್ನೊಂದು ಸಲ ಕೂಗು ಎಂದು ಆಯಮ್ಮನಿಗೆ ಹೇಳಿದೆ. ಯಾವ ಲೆನ್ಸು? ನಾಲ್ಕಿಂಚಿನ ಮುಖ ನೋಡಲೂ ನನಗೆ ಅಸಹ್ಯವಾಗಿತ್ತು. ಎಂಟಿಂಚು ಹಾಕಿದೆ. ಅದರ ಕಂಡಿ ದೊಡ್ಡದು, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ, ಎಮ್ಮೆ ಬಾಲ ಆಡಿಸಿದರೂ ಚೂಪಾಗಿ ನಿಲ್ಲುತ್ತದೆ. ಅದರಲ್ಲಿ ಬಂಡೆ, ಊರು ಎರಡೂ ಒಟ್ಟಿಗೆ ಹಿಡಿಯಲಿಲ್ಲ. ಬಂಡೆಯನ್ನು ಬಿಟ್ಟೆ. ಬಂಡೆ ಯಾರಿಗೆ ಬೇಕಿತ್ತು? ಆಯಮ್ಮ ಬಾಯಿಗೆ ಕೈ ಹಿಡಿದದ್ದು, ಐದು ಎಮ್ಮೆ, ಆಚೆ ಜಗುಲಿಯ ಮೇಲೆ ಕೈ ಎತ್ತಿದ ಸೊಸೆ, ಎಲ್ಲ ಬಂತು. ಕೂಗು ಮತ್ತು ಅದಕ್ಕೆ ಉತ್ತರ, ಒಂದೇ ಪ್ಲೇಟಿನಲ್ಲಿ. ನಾನು ತೆಗೆದ ಚಿತ್ರಗಳಲ್ಲೆಲ್ಲ ಅದೇ ದೊಡ್ಡದು ಎಂದು ಆಗ ನಂಬಿದ್ದೆ.

ಅದನ್ನು ದೊಡ್ಡದು ಮಾಡಿ ಕಚೇರಿಗೆ ಒಯ್ದೆ. ಅಧಿಕಾರಿ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಅರ್ಜಿಯಲ್ಲಿ ಜಮೀನಿನ ಗುರುತು ಎಂದು ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟು ಓದಿದರು: "ನಡುವೆ ಕರಿಬಂಡೆ ಇರುವುದು." ಮೊದಲನೆಯ ಚಿತ್ರ ನೋಡಿದರು. ಬಂಡೆ ಇತ್ತು. ಎರಡನೆಯದನ್ನು ನೋಡಿದರು.

"ಇದರಲ್ಲಿ ಬಂಡೆ ಎಲ್ರೀ? ಇದು ಬೇರೆ ಜಾಗ."

"ಸ್ವಾಮಿ, ನೀವೇ ಪಕ್ಕದಲ್ಲಿ ನಿಂತಿದ್ರಿ!"

"ನಾನು ನಿಂತಿದ್ದು ಫೋಟೋದಲ್ಲಿ ಇಲ್ಲವಲ್ಲ" ಎಂದರು. ನನ್ನ ಚಿತ್ರವನ್ನು ಜೋಪಾನವಾಗಿ ಕಾಗದದಲ್ಲಿ ಸುತ್ತಿ ನನಗೇ ವಾಪಸು ಕೊಟ್ಟರು. ಮಳೆಗಾಲ ಶುರುವಾಗುವ ಮೊದಲು ಮಂಜೂರಾತಿ ಆಯಿತು. ಗೋಮಾಳಕ್ಕೆ ಬೇಲಿ ಬಿತ್ತು.

ಅಧಿಕಾರಿಯ ಆ ಮಾತು ನೆನೆದು ನಾನು ಎಷ್ಟೋ ವರ್ಷ ಹಲ್ಲು ಕಡಿದಿದ್ದೇನೆ. ಎದುರಿಗೆ ಸಿಕ್ಕಿದವರಿಗೆಲ್ಲ ಹೇಳಿ ಬೈದಿದ್ದೇನೆ. ಸ್ವಾತಂತ್ರ್ಯ ಬಂತು, ಅಂಗಡಿ ಬೀದಿಯಲ್ಲಿ ತೋರಣ ಕಟ್ಟಿದರು, ನಾನು ಅದರ ಫೋಟೋವನ್ನೂ ತೆಗೆದೆ. ಬಂಡೆಯ ಸುತ್ತ ಮಾತ್ರ ಕಬ್ಬು ಬೆಳೆಯುತ್ತಲೇ ಇತ್ತು. ಆದರೆ ಸಿಟ್ಟಿನ ಕೆಳಗೆ ಇನ್ನೊಂದಿದೆ, ಅದನ್ನು ಬೈಗುಳದಲ್ಲಿ ಮುಚ್ಚಿಟ್ಟುಕೊಂಡೇ ಬಂದಿದ್ದೇನೆ.

ಬೇಲಿ ಬಿದ್ದ ಸ್ವಲ್ಪ ದಿನಕ್ಕೆ ಆಯಮ್ಮನ ಮನೆಗೆ ಹೋಗಿದ್ದೆ. ಅವಳು ಬೈಯಲಿ ಎಂದೇ ಹೋಗಿದ್ದೆ. ಜಗುಲಿಯ ಪಕ್ಕದ ಗೂಟಗಳಲ್ಲಿ ಎರಡೇ ಎಮ್ಮೆ ಇದ್ದವು. ಕೊಯ್ದು ತಂದ ಹುಲ್ಲು ಎರಡಕ್ಕೆ ಸಾಕಾಗುತ್ತಿತ್ತು, ಐದಕ್ಕೆ ಆಗುತ್ತಿರಲಿಲ್ಲ. ಸೊಸೆ ಮಜ್ಜಿಗೆ ತಂದುಕೊಟ್ಟಳು. ನಾನು ಎರಡನೆಯ ಚಿತ್ರದ ಒಂದು ಪ್ರತಿ ಕೊಟ್ಟೆ. ಆಯಮ್ಮ ಬಹಳ ಹೊತ್ತು ನೋಡಿ, ಇದು ನಾನು, ಇದು ನನ್ನ ಸೊಸೆ, ಎಂದು ಗುರುತು ಹಿಡಿದಳು. ಎಮ್ಮೆಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆದಳು. ಆಮೇಲೆ ಕೇಳಿದಳು.

"ಮೊದಲ್ನೇ ಪಟ ತೆಗೆದ್ಯಲ್ಲ ಮಗ, ಬಂಡೆ ಬಿದ್ದಿದ್ದು. ಅವತ್ತು ನಾನು ದನ ಒಡುಸ್ದೆ ಇದ್ದಿದ್ರೆ ಏನಾಗ್ತಿತ್ತು?"

"ಅಲ್ಲಾಡ್ತಿದ್ವು ಕಣವ್ವ. ಮಸುಕಾಗಿ ಬರ್ತಿದ್ವು" ಎಂದೆ.

ಆಯಮ್ಮ ಚಿತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಗೂಟದ ಎಮ್ಮೆಗಳ ಕಡೆ ನೋಡಿದಳು.

"ಮಸ್ಕಾಗಾದ್ರೂ ದನ ಇದ್ದೊ ಅನ್ನದು ಕಾಣ್ತಿತ್ತಲ್ಲಪ್ಪ" ಎಂದಳು.